ಹಾಡೊಂದಕ್ಕೆ 69 ಡಾಲರ್: ರೂತ್ ಬ್ರೌನ್ ಅವರ ದನಿ ಮತ್ತು ಲೆಕ್ಕ

ಅಮೆರಿಕದ ಕರಿಯ ಗಾಯಕಿ ರೂತ್ ಬ್ರೌನ್ ಹಾಡಿದ ಒಂದೊಂದು ಹಾಡಿಗೂ ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿ ಮುಂಗಡವಾಗಿ ಕೊಡುತ್ತಿದ್ದದ್ದು 69 ಡಾಲರ್. ಮಾರಾಟದ ಮೇಲೆ ಶೇಕಡಾ 5ರಷ್ಟು ರಾಯಲ್ಟಿ ಎಂದು ಕರಾರಿನಲ್ಲಿ ಬರೆದಿತ್ತು. 1949ರಿಂದ 1955ರ ನಡುವೆ ಆಕೆಯ ಹಾಡುಗಳು ಬಿಲ್‌ಬೋರ್ಡ್ ಪತ್ರಿಕೆಯ ರಿದಮ್ ಆ್ಯಂಡ್ ಬ್ಲೂಸ್ (ಕರಿಯರ ಜನಪ್ರಿಯ ಸಂಗೀತ) ಪಟ್ಟಿಯಲ್ಲಿ ಒಟ್ಟು 149 ವಾರ ಉಳಿದವು, ಐದು ಹಾಡುಗಳು ಮೊದಲ ಸ್ಥಾನಕ್ಕೇರಿದವು. ಬೇಸ್‌ಬಾಲ್ ಆಟಗಾರ ಬೇಬ್ ರೂತ್‌ನ ಕಾರಣಕ್ಕೆ ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣವನ್ನು 'ರೂತ್ ಕಟ್ಟಿದ ಮನೆ' ಎನ್ನುತ್ತಿದ್ದರು. ಸಂಗೀತದ ಮಂದಿ ಅದೇ ಹೆಸರನ್ನು ಅಟ್ಲಾಂಟಿಕ್ ಕಂಪನಿಗೆ ಕೊಟ್ಟರು. ಹೀಗೆ ಮನೆ ಕಟ್ಟಿದಾಕೆ 1960ರ ದಶಕದಲ್ಲಿ ಶಾಲಾ ಬಸ್ಸು ಓಡಿಸುತ್ತಿದ್ದರು, ಬೇರೆಯವರ ಮನೆಗೆಲಸ ಮಾಡುತ್ತಿದ್ದರು. ಅಟ್ಲಾಂಟಿಕ್‌ನ ಲೆಕ್ಕದ ಪುಸ್ತಕದಲ್ಲಂತೂ ಆಕೆ ಸಾಲಗಾರ್ತಿ.

ರೂತ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದನಿಯ ಬಗ್ಗೆ ಬರೆದು ಲೆಕ್ಕವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಆ ಲೆಕ್ಕ ಹೇಗೆ ನಡೆಯುತ್ತಿತ್ತು ಎಂಬುದು ಗೊತ್ತಿಲ್ಲದೆ ಆಕೆಯ ಬದುಕು ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಮೊದಲು ದನಿಯಿಂದಲೇ ಶುರು ಮಾಡಬೇಕು, ಉಳಿದದ್ದೆಲ್ಲ ಹುಟ್ಟಿದ್ದು ಅದರಿಂದ.

ರೂತ್ ಆಲ್ಸ್ಟನ್ ವೆಸ್ಟನ್ ಹುಟ್ಟಿದ್ದು 1928ರ ಜನವರಿ 12ರಂದು, ವರ್ಜೀನಿಯಾ ರಾಜ್ಯದ ಪೋರ್ಟ್ಸ್‌ಮತ್ ಎಂಬ ಬಂದರು ಊರಿನಲ್ಲಿ. ಏಳು ಮಕ್ಕಳಲ್ಲಿ ದೊಡ್ಡವಳು. ತಂದೆ ಹಡಗುಕಟ್ಟೆಯಲ್ಲಿ ಹೊರೆ ಇಳಿಸುವ ಕೂಲಿ. ಭಾನುವಾರ ಚರ್ಚಿನ ಗಾಯಕ ತಂಡಕ್ಕೆ ಅವರೇ ಮುಖ್ಯಸ್ಥರು. ಬೇಸಿಗೆಯಲ್ಲಿ ಮಕ್ಕಳನ್ನು ಉತ್ತರ ಕ್ಯಾರೊಲಿನಾದ ಅಜ್ಜಿಯ ಹೊಲಕ್ಕೆ ಕಳಿಸುತ್ತಿದ್ದರು, ಅಲ್ಲಿ ಹತ್ತಿ ಬಿಡಿಸುವ ಕೆಲಸ. ತಂದೆಗೆ ಚರ್ಚಿನಾಚೆಯ ಹಾಡೆಲ್ಲ ಸೈತಾನನ ಸಂಗೀತ. ಹತ್ತಿರದಲ್ಲೇ ನಾರ್ಫೋಕ್ ನೌಕಾನೆಲೆ. ಯುದ್ಧದ ಕಾಲವಾದ್ದರಿಂದ ಸೈನಿಕರ ಕ್ಲಬ್ಬುಗಳು ಬೇಕಾದಷ್ಟಿದ್ದವು. ಚರ್ಚಿನ ಅಭ್ಯಾಸಕ್ಕೆಂದು ಮನೆಯಲ್ಲಿ ಹೇಳಿ ಹುಡುಗಿ ಆ ಕ್ಲಬ್ಬುಗಳಲ್ಲಿ ಹಾಡುತ್ತಿದ್ದಳು. ಹಾರ್ಲೆಮ್‌ನ ಅಪೊಲೊ ರಂಗಮಂದಿರದ ಹವ್ಯಾಸಿ ಸ್ಪರ್ಧೆಯಲ್ಲಿ ಗೆದ್ದಳು. 1945ರಲ್ಲಿ, 17ರ ವಯಸ್ಸಿನಲ್ಲಿ, ಜಿಮ್ಮಿ ಬ್ರೌನ್ ಎಂಬ ಟ್ರಂಪೆಟ್ ವಾದಕನ ಜೊತೆ ಮನೆ ಬಿಟ್ಟಳು. ಅವನಿಗೆ ಆಗಲೇ ಮದುವೆಯಾಗಿತ್ತೆಂದು ಆಮೇಲೆ ತಿಳಿಯಿತು. ಸಂಸಾರ ಉಳಿಯಲಿಲ್ಲ, ಹೆಸರು ಉಳಿಯಿತು.

ಲಕ್ಕಿ ಮಿಲಿಂಡರ್ ಎಂಬ ಹೆಸರುವಾಸಿ ಬ್ಯಾಂಡ್ ನಾಯಕನ ತಂಡಕ್ಕೆ ಸೇರಿದ್ದು ದೊಡ್ಡ ಅವಕಾಶವೇ. ಆದರೆ ಸುಮಾರು ಒಂದು ತಿಂಗಳಲ್ಲೇ ವಾಷಿಂಗ್ಟನ್‌ನಲ್ಲಿ ಆಕೆಯನ್ನು ಕೆಲಸದಿಂದ ತೆಗೆದರು. ವಾದಕರಿಗೆ ಕುಡಿಯಲು ತಂದುಕೊಟ್ಟದ್ದೇ ನೆಪ, ಜೊತೆಗೆ 'ನಿನಗೆ ಹಾಡಲೂ ಬರುವುದಿಲ್ಲ' ಎಂಬ ಮಾತು. ಕೈಯಲ್ಲಿ ಕಾಸಿಲ್ಲ, ಊರಿಗೆ ಹೋಗಲು ಮುಖವಿಲ್ಲ. ಆಗ ಕೈಹಿಡಿದದ್ದು ಬ್ಲಾಂಚ್ ಕ್ಯಾಲೊವೇ. ಪ್ರಸಿದ್ಧ ಕ್ಯಾಬ್ ಕ್ಯಾಲೊವೇಯ ಅಕ್ಕ, ಸ್ವತಃ ಬ್ಯಾಂಡ್ ನಡೆಸಿದ್ದ ಹೆಣ್ಣುಮಗಳು. ಆಕೆ ನೋಡಿಕೊಳ್ಳುತ್ತಿದ್ದ ಕ್ರಿಸ್ಟಲ್ ಕ್ಯಾವರ್ನ್ಸ್ ಕ್ಲಬ್ಬಿನಲ್ಲಿ ರೂತ್ ಹಾಡತೊಡಗಿದರು. ಮುಂದೆ ವಾಯ್ಸ್ ಆಫ್ ಅಮೆರಿಕ ಕೇಂದ್ರದಲ್ಲಿ ಹೆಸರು ಮಾಡಿದ ರೇಡಿಯೊ ನಿರೂಪಕ ವಿಲ್ಲಿಸ್ ಕಾನೋವರ್ ಅಲ್ಲಿ ಆಕೆಯ ಹಾಡು ಕೇಳಿ ಹೊಸ ಕಂಪನಿಯೊಂದಕ್ಕೆ ಸುದ್ದಿ ಮುಟ್ಟಿಸಿದರು.

ಆ ಕಂಪನಿಯೇ ಅಟ್ಲಾಂಟಿಕ್. ವಾಷಿಂಗ್ಟನ್‌ನಲ್ಲಿದ್ದ ಟರ್ಕಿ ರಾಯಭಾರಿಯ ಮಗ ಅಹ್ಮೆತ್ ಎರ್ತೆಗುನ್, ತಮ್ಮ ಮನೆಯವರ ದಂತವೈದ್ಯರಿಂದ 10,000 ಡಾಲರ್ ಪಡೆದು, ಹರ್ಬ್ ಅಬ್ರಾಮ್ಸನ್ ಜೊತೆ ಸೇರಿ 1947ರಲ್ಲಿ ಕಟ್ಟಿದ ಸಂಸ್ಥೆ. ಅವರನ್ನು ಕಾಣಲು, ಅಪೊಲೊದಲ್ಲಿ ಹಾಡಲು 1948ರ ಅಕ್ಟೋಬರಿನಲ್ಲಿ ರೂತ್ ನ್ಯೂಯಾರ್ಕಿಗೆ ಹೊರಟರು. ದಾರಿಯಲ್ಲಿ, ಪೆನ್ಸಿಲ್ವೇನಿಯಾದ ಚೆಸ್ಟರ್ ಬಳಿ, ಕಾರು ಅಪಘಾತಕ್ಕೀಡಾಯಿತು. ಎರಡೂ ಕಾಲುಗಳು ಮುರಿದವು. ತಿಂಗಳುಗಟ್ಟಲೆ ಆಸ್ಪತ್ರೆವಾಸ. ಕಂಪನಿಯವರು ಆಸ್ಪತ್ರೆಗೇ ಬಂದು ಕರಾರಿಗೆ ಸಹಿ ಹಾಕಿಸಿಕೊಂಡರು. 21ನೇ ಹುಟ್ಟುಹಬ್ಬಕ್ಕೆ ಎರ್ತೆಗುನ್ ತಂದ ಉಡುಗೊರೆಗಳಲ್ಲಿ ಸ್ವರಲಿಪಿ ನೋಡಿ ಹಾಡುವುದನ್ನು ಕಲಿಸುವ ಪುಸ್ತಕವೂ, ಶ್ರುತಿ ಹಿಡಿಯುವ ಪುಟ್ಟ ಪೀಪಿಯೂ ಇದ್ದವು. ಆಸ್ಪತ್ರೆಯ ಖರ್ಚಿಗೂ ಕಂಪನಿ ನೆರವಾಯಿತು. ಇದನ್ನು ಮರೆಮಾಚಬಾರದು, ಮುಂದಿನ ಜಗಳ ಅಷ್ಟು ನೋವಿನದಾದದ್ದು ಈ ಋಣವೂ ನಿಜವಾಗಿದ್ದ ಕಾರಣಕ್ಕೇ. ಕಾಲಿನ ನೋವಂತೂ ಕೊನೆಯವರೆಗೂ ಬಿಡಲಿಲ್ಲ.

1949ರ ಮೇ 25ರಂದು ಊರುಗೋಲಿನ ಮೇಲೆ ನಿಂತು, ಎಡ್ಡಿ ಕಾಂಡನ್‌ನ ಜಾಝ್ ತಂಡದ ಜೊತೆ 'ಸೋ ಲಾಂಗ್' ಹಾಡಿದರು. ನಿಧಾನಗತಿಯ, ಮೆತ್ತನೆಯ ಹಾಡು. ಪಟ್ಟಿಯ ಮೊದಲ ಹತ್ತರೊಳಗೆ ಹೋಯಿತು. ಧ್ವನಿಮುದ್ರಣವಾದ ಮರುತಿಂಗಳೇ ಬಿಲ್‌ಬೋರ್ಡ್ ಪತ್ರಿಕೆ ಕರಿಯರ ಗ್ರಾಮೊಫೋನ್ ತಟ್ಟೆಗಳ ಪಟ್ಟಿಗೆ ಹಾಕುತ್ತಿದ್ದ 'ರೇಸ್ (ಜನಾಂಗ) ರೆಕಾರ್ಡ್ಸ್' ಎಂಬ ತಲೆಬರಹವನ್ನು ಕೈಬಿಟ್ಟು 'ರಿದಮ್ ಆ್ಯಂಡ್ ಬ್ಲೂಸ್' ಎಂದು ಅಚ್ಚು ಹಾಕತೊಡಗಿತು. ಆ ಹೆಸರು ಸೂಚಿಸಿದ ವರದಿಗಾರ ಜೆರ್ರಿ ವೆಕ್ಸ್ಲರ್ 1953ರಲ್ಲಿ ತಾವೇ ಅಟ್ಲಾಂಟಿಕ್‌ನ ಪಾಲುದಾರರಾದರು.

ರೂತ್‌ಗೆ ಇಷ್ಟವಾಗಿದ್ದದ್ದು ನಿಧಾನದ ಪ್ರೇಮಗೀತೆಗಳು; ಜಾಝ್ ಗಾಯಕಿಯರಾದ ಸಾರಾ ವಾನ್, ಬಿಲ್ಲಿ ಹಾಲಿಡೇ ಹಾಡುವಂಥವು. ಕಂಪನಿಗೆ ಬೇಕಿದ್ದದ್ದು ಕುಣಿಸುವ ಹಾಡು. 1950ರ ಸೆಪ್ಟೆಂಬರಿನಲ್ಲಿ ರೂಡಿ ಟೂಂಬ್ಸ್ ಬರೆದ 'ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್' ಧ್ವನಿಮುದ್ರಣವಾಯಿತು. ತಟ್ಟೆಯ ಸಂಖ್ಯೆ 919. ಅಟ್ಲಾಂಟಿಕ್ 45 ಆರ್‌ಪಿಎಂ ತಟ್ಟೆಯಲ್ಲಿ ಹೊರತಂದ ಮೊದಲ ಹಾಡು ಅದು. 11 ವಾರ ಮೊದಲ ಸ್ಥಾನದಲ್ಲಿ ಕೂತಿತು, 'ಮಿಸ್ ರಿದಮ್' ಎಂಬ ಬಿರುದು ತಂದಿತು.

ಈ ಹಾಡನ್ನೂ 1953ರ 'ಮಾಮಾ, ಹೀ ಟ್ರೀಟ್ಸ್ ಯುವರ್ ಡಾಟರ್ ಮೀನ್' ಹಾಡನ್ನೂ ಒಂದರ ಹಿಂದೊಂದು ಕೇಳಿ. ಎರಡನೆಯದರಲ್ಲಿ 'ಮಾಮಾ' ಎಂದು ತಾಯಿಯನ್ನು ಕರೆಯುವಾಗ ಎರಡನೆಯ ಅಕ್ಷರದ ತುದಿಗೆ ಕಿವಿಗೊಡಿ. ದಪ್ಪನೆಯ ಎದೆದನಿಯಲ್ಲಿ ಶುರುವಾದ ಸ್ವರ ಕೊನೆಯ ಕ್ಷಣದಲ್ಲಿ ಮೇಲಕ್ಕೆ ಹಾರಿ ಚೀರಿ ಕತ್ತರಿಸಿಹೋಗುತ್ತದೆ. ಎದೆದನಿಯಲ್ಲಿ ಸ್ವರತಂತುಗಳು ದಪ್ಪವಾಗಿ, ಪೂರ್ತಿಯಾಗಿ ಬಡಿದುಕೊಳ್ಳುತ್ತವೆ. ಮೇಲ್ದನಿಯಲ್ಲಿ ಅಂಚುಗಳು ಮಾತ್ರ ಕಂಪಿಸುತ್ತವೆ. ಗಾಯಕರು ವರ್ಷಗಟ್ಟಲೆ ಅಭ್ಯಾಸ ಮಾಡುವುದೇ ಇವೆರಡರ ನಡುವಿನ ಬಿರುಕು ಕೇಳದ ಹಾಗೆ ಬೆಸೆಯಲು. ರೂತ್ ಮಾಡಿದ್ದು ಅದಕ್ಕೆ ವಿರುದ್ಧ: ಬಿರುಕನ್ನು ಬೇಕೆಂದೇ ಬಿಟ್ಟು, ಅದನ್ನು ತಾಳಕ್ಕೆ ಸರಿಯಾಗಿ ಕೂರಿಸಿದರು. ಆ ಚೀರು ಒಂದು ಮಾತ್ರೆ ತಡವಾದರೂ ಬರಿ ಅಪಸ್ವರವಾಗುತ್ತದೆ. ಉಸಿರಿನ ಒತ್ತಡವನ್ನು ಕೊನೆಯವರೆಗೂ ಹಿಡಿದಿಟ್ಟು ಒಮ್ಮೆಗೇ ಬಿಟ್ಟರಷ್ಟೇ ಅದು ಸರಿಯಾಗಿ ಬರುತ್ತದೆ. ಈಗಿನ ಅನುಕರಣೆಗಳಲ್ಲಿ ತಪ್ಪುವುದು ಇಲ್ಲೇ. ಚೀರನ್ನು ಗಂಟಲಿನಿಂದ ಎಳೆಯುತ್ತಾರೆ, ಪ್ರತಿ ಸಾಲಿಗೂ ಹಾಕುತ್ತಾರೆ. ರೂತ್ ಅದನ್ನು ಲೆಕ್ಕವಿಟ್ಟು ಖರ್ಚು ಮಾಡುತ್ತಿದ್ದರು. ವಿಚಿತ್ರವೆಂದರೆ ಈ 'ಮಾಮಾ' ಹಾಡು ಮೊದಲಿಗೆ ಆಕೆಗೆ ಹಿಡಿಸಿರಲಿಲ್ಲ. ಉದ್ದಕ್ಕೂ ಟ್ಯಾಂಬೊರಿನ್ ಬಡಿಯುವ ಅದೇ ಹಾಡು ಜೀವನಪೂರ್ತಿ ಆಕೆಯ ಗುರುತಾಯಿತು.

ಆ ಕಾಲದ ಅಟ್ಲಾಂಟಿಕ್ ಧ್ವನಿಮುದ್ರಣದ ಜಾಗವೂ ಹೇಳಬೇಕಾದದ್ದೇ. ನ್ಯೂಯಾರ್ಕಿನ ಪಶ್ಚಿಮ 56ನೇ ಬೀದಿಯ 234ನೇ ನಂಬರಿನ ಹಳೇ ಕಟ್ಟಡದ ಮೇಲಂತಸ್ತು. ಹಗಲು ಕಚೇರಿ, ರಾತ್ರಿ ಸ್ಟುಡಿಯೊ. ಮೇಜುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒತ್ತರಿಸಿದರೆ ವಾದಕರಿಗೆ ಜಾಗವಾಗುತ್ತಿತ್ತು. ಎಂಜಿನಿಯರ್ ಟಾಮ್ ಡೌಡ್ ಇಂಥ ಇಕ್ಕಟ್ಟಿನಲ್ಲೂ ಡ್ರಮ್ಮು, ಬಾಸು, ದನಿ ಒಂದನ್ನೊಂದು ನುಂಗದ ಹಾಗೆ ಮೈಕುಗಳನ್ನು ಇಡುತ್ತಿದ್ದರು. ಹಾಡಿನ ಸಾಹಿತ್ಯ ಅಲ್ಲೇ ಬದಲಾಗುವುದೂ ಇತ್ತು. 1952ರ 'ಫೈವ್-ಟೆನ್-ಫಿಫ್ಟೀನ್ ಅವರ್ಸ್' ಹಾಡನ್ನು ಟೂಂಬ್ಸ್ ಬರೆದುಕೊಂಡು ಬಂದಾಗ ಅದರಲ್ಲಿದ್ದದ್ದು ಗಂಟೆಗಳಲ್ಲ, ನಿಮಿಷಗಳು. ಹಿಂದಿನ ವರ್ಷವಷ್ಟೇ ಡಾಮಿನೋಸ್ ತಂಡದ ಹಾಡೊಂದರ ನಾಯಕ ಅರವತ್ತು ನಿಮಿಷ ಪ್ರೀತಿಸುತ್ತೇನೆಂದು ಕೊಚ್ಚಿಕೊಂಡು ದೇಶವನ್ನೆಲ್ಲ ಕುಣಿಸಿದ್ದ. ಹದಿನೈದು ನಿಮಿಷ ಯಾವ ಲೆಕ್ಕ? ಗಂಟೆಗೆ ಏರಿಸಿದರು. ಅದೂ ಮೊದಲ ಸ್ಥಾನಕ್ಕೆ ಹೋಯಿತು.

ಇನ್ನು ಪ್ರವಾಸ. ದಕ್ಷಿಣದ ರಾಜ್ಯಗಳಲ್ಲಿ ಸಭಾಂಗಣ ಸಿಗದ ಕಡೆ ತಂಬಾಕಿನ ಗೋದಾಮುಗಳಲ್ಲಿ ನೃತ್ಯಕೂಟ. ನಡುವೆ ಹಗ್ಗ ಕಟ್ಟಿ ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಕರಿಯರು. ಹಾಡು ಮುಗಿದ ಮೇಲೆ ಮಲಗಲು ಬಿಳಿಯರ ಹೋಟೆಲಿಲ್ಲ, ಹೆದ್ದಾರಿಯ ಪೆಟ್ರೋಲ್ ಬಂಕಿನ ಶೌಚಾಲಯವೂ ಇಲ್ಲ. ಹೀಗೆ ಊರೂರು ಅಲೆದು ಗಳಿಸಿದ್ದೇ ಗಾಯಕರ ನಿಜವಾದ ಆದಾಯ. ತಟ್ಟೆ ಎಂಬುದು ಆ ಕಾರ್ಯಕ್ರಮಗಳಿಗೆ ಜಾಹೀರಾತು ಎಂದೇ ಕಂಪನಿಗಳು ಹೇಳಿ ನಂಬಿಸಿದ್ದವು.

ಈಗ ತಟ್ಟೆಯ ಲೆಕ್ಕಕ್ಕೆ ಬರೋಣ. ತಟ್ಟೆಯ ಬೆಲೆ 89 ಸೆಂಟ್ ಎಂದುಕೊಳ್ಳಿ. ಶೇ. 5 ಅಂದರೆ ನಾಲ್ಕೂವರೆ ಸೆಂಟಿಗೆ ಸ್ವಲ್ಪ ಕಡಿಮೆ. ಅರಗಿನ ತಟ್ಟೆ ಒಡೆಯುತ್ತದೆ ಎಂದು ಹೇಳಿ ಕಂಪನಿಗಳು ನೂರಕ್ಕೆ ತೊಂಬತ್ತು ತಟ್ಟೆಗಳಿಗಷ್ಟೇ ರಾಯಲ್ಟಿ ಲೆಕ್ಕ ಹಾಕುತ್ತಿದ್ದವು. ಅಲ್ಲಿಗೆ ಉಳಿದದ್ದು 4 ಸೆಂಟ್. ಧ್ವನಿಮುದ್ರಣದ ಒಂದು ಬೈಠಕ್ಕು ಮೂರು ಗಂಟೆ. ನಾಲ್ಕು ಹಾಡು, ಅಂದರೆ ಎರಡು ತಟ್ಟೆ. ವಾದಕರ ಸಂಘ ನಿಗದಿ ಮಾಡಿದ್ದ ದರ ತಲೆಗೆ 41 ಡಾಲರ್ ಚಿಲ್ಲರೆ, ಮುಖ್ಯಸ್ಥನಿಗೆ ಎರಡರಷ್ಟು. ಏಳು ಜನರ ತಂಡಕ್ಕೆ 330 ಡಾಲರ್. ಸಂಗೀತ ಸಂಯೋಜನೆ, ಸ್ವರಲಿಪಿಯ ನಕಲು, ಟೇಪು, ಬಾಡಿಗೆ ಎಲ್ಲ ಸೇರಿ 600 ಎಂದಿಟ್ಟುಕೊಳ್ಳೋಣ. ಗಾಯಕಿಯ ಮುಂಗಡ ನಾಲ್ಕು ಹಾಡಿಗೆ 276. ಒಟ್ಟು 876 ಡಾಲರ್. ಇದಿಷ್ಟೂ ಗಾಯಕಿಯ ಪಾಲಿನ ಆ 4 ಸೆಂಟಿನಿಂದಲೇ ತೀರಬೇಕು. ಆ ಎರಡು ತಟ್ಟೆಗಳು ಸೇರಿ ಸುಮಾರು 22,000 ಪ್ರತಿ ಮಾರಾಟವಾಗುವವರೆಗೂ ಆಕೆಗೆ ಇನ್ನೊಂದು ಕಾಸೂ ಇಲ್ಲ. ಅಷ್ಟರಲ್ಲಿ ಕಂಪನಿ ತನ್ನ ಪಾಲಿನ ಲಾಭ ಎಣಿಸಿಕೊಂಡಾಗಿರುತ್ತದೆ. ಖರ್ಚನ್ನು ಗಾಯಕಿ ತೀರಿಸಿದ ಮೇಲೂ ಮೂಲ ಟೇಪಿನ ಒಡೆತನ ಕಂಪನಿಯದೇ.

ಗೆದ್ದ ಹಾಡು ಲಕ್ಷಗಟ್ಟಲೆ ಮಾರಾಟವಾದರೆ ಈ ಸಾಲ ತೀರುತ್ತದಲ್ಲ ಎಂದು ಕೇಳಬಹುದು. ತೀರುತ್ತದೆ. ಆದರೆ ಪ್ರತಿ ಹಾಡಿಗೂ ಬೇರೆ ಖಾತೆಯಿಲ್ಲ, ಎಲ್ಲಕ್ಕೂ ಒಂದೇ ಖಾತೆ. ಗೆದ್ದ ಹಾಡಿನ ಜಮೆ ಸೋತ ಹಾಡಿನ ಖರ್ಚಿಗೆ ಹೋಗುತ್ತದೆ. 1950ರ ದಶಕದ ಕೊನೆಗೆ ವಾದ್ಯವೃಂದ ದೊಡ್ಡದಾಯಿತು, ಪಿಟೀಲು, ಹಿಮ್ಮೇಳದ ಗಾಯಕರು ಬಂದರು; ಬೈಠಕ್ಕಿನ ಖರ್ಚು ಏರಿತು, ಮಾರಾಟ ಇಳಿಯಿತು. ಹೊಸ ಬೈಠಕ್ಕು ನಡೆದಷ್ಟೂ ಬಾಕಿ ಬೆಳೆಯುತ್ತದೆ. ಗಾಯಕಿ ಕಂಪನಿ ಬಿಟ್ಟ ದಿನ ಖಾತೆಯಲ್ಲಿ ಬಾಕಿ ಇದ್ದರೆ, ಆಮೇಲೆ ಬರುವ ಮರುಮುದ್ರಣದ ಹಣವೆಲ್ಲ ಅದಕ್ಕೇ ಜಮೆ. ಸಾಹುಕಾರನ ಕಡತದಲ್ಲಿ ಅಜ್ಜ ಮಾಡಿದ ಸಾಲಕ್ಕೆ ಮೊಮ್ಮಗ ದುಡಿಯುತ್ತಿದ್ದ ಕಥೆ ಗೊತ್ತಿರುವವರಿಗೆ ಈ ಲೆಕ್ಕದ ಜಾಡು ಹೊಸದೇನಲ್ಲ.

ಬೇರೆ ಬಾಗಿಲುಗಳೂ ಮುಚ್ಚಿದ್ದವು. ಕಾನೂನಿನ ಪ್ರಕಾರ ಪ್ರತಿ ತಟ್ಟೆಗೆ ಹಾಡೊಂದಕ್ಕೆ 2 ಸೆಂಟ್ ಸಿಗುತ್ತಿದ್ದದ್ದು ಹಾಡು ಬರೆದವರ ಕಡೆಗೆ, ಹಾಡಿದವರಿಗಲ್ಲ. ಒಮ್ಮೆ ತಟ್ಟೆಯಾಗಿ ಬಂದ ಹಾಡನ್ನು ಆ 2 ಸೆಂಟ್ ತೆತ್ತು ಯಾರು ಬೇಕಾದರೂ ಮತ್ತೆ ಹಾಡಬಹುದಿತ್ತು. 1954ರಲ್ಲಿ ರೂತ್‌ಗೆ ಮೊದಲ ಸ್ಥಾನ ತಂದ 'ಓ ವಾಟ್ ಎ ಡ್ರೀಮ್' ಹಾಡನ್ನು ಅದೇ ವರ್ಷ ಬಿಳಿಯರ ಮೆಚ್ಚಿನ ಗಾಯಕಿ ಪ್ಯಾಟಿ ಪೇಜ್ ಹಾಡಿದರು. ಬಿಳಿಯರ ರೇಡಿಯೊ ಕೇಂದ್ರಗಳು ಆಡಿಸುತ್ತಿದ್ದದ್ದು ಇಂಥ ಮರುಹಾಡುಗಳನ್ನೇ. ಅಟ್ಲಾಂಟಿಕ್‌ನ ಇನ್ನೊಬ್ಬ ಗಾಯಕಿ ಲಾವರ್ನ್ ಬೇಕರ್ ತಮ್ಮ ಹಾಡಿನ ಸಂಯೋಜನೆಯನ್ನೇ ಇಡಿಯಾಗಿ ಎತ್ತಿಕೊಂಡದ್ದನ್ನು ಕಂಡು 1955ರಲ್ಲಿ ಸಂಸತ್ ಸದಸ್ಯ ಚಾರ್ಲ್ಸ್ ಡಿಗ್ಸ್‌ಗೆ ಪತ್ರ ಬರೆದರು, ಸಂಯೋಜನೆಗೂ ಕಾನೂನಿನ ರಕ್ಷಣೆ ಕೊಡಿ ಎಂದು. ಫಲ ಸಿಗಲಿಲ್ಲ. ರೂತ್ ಪಾಪ್ ಪಟ್ಟಿಗೆ (ಇಡೀ ದೇಶದ ಜನಪ್ರಿಯ ಹಾಡುಗಳ ಪಟ್ಟಿ) ಸರಿಯಾಗಿ ದಾಟಿದ್ದು 1953ರ 'ಮಾಮಾ', 1957ರ 'ಲಕ್ಕಿ ಲಿಪ್ಸ್', 1958ರ 'ದಿಸ್ ಲಿಟಲ್ ಗರ್ಲ್ಸ್ ಗಾನ್ ರಾಕಿನ್' ಹಾಡುಗಳಲ್ಲಿ, ಅದೂ 25ನೇ ಸ್ಥಾನದ ಆಸುಪಾಸು.

1961ರಲ್ಲಿ ಅಟ್ಲಾಂಟಿಕ್ ಬಿಟ್ಟರು. ಆಮೇಲಿನ ವರ್ಷಗಳು ಲಾಂಗ್ ಐಲೆಂಡಿನಲ್ಲಿ, ಇಬ್ಬರು ಗಂಡುಮಕ್ಕಳನ್ನು ಸಾಕುತ್ತ, ಸಿಕ್ಕ ಕೆಲಸ ಮಾಡುತ್ತ ಕಳೆದವು. 1970ರ ದಶಕದ ನಡುವೆ ಹಾಸ್ಯನಟ ರೆಡ್ ಫಾಕ್ಸ್ ಆಕೆಯನ್ನು ಲಾಸ್ ಏಂಜಲಿಸ್‌ಗೆ ಕರೆಸಿ 'ಸೆಲ್ಮಾ' ಎಂಬ ಸಂಗೀತ ನಾಟಕದಲ್ಲಿ ಚರ್ಚ್ ಗೀತೆಗಳ ಪ್ರಸಿದ್ಧ ಗಾಯಕಿ ಮಹಾಲಿಯಾ ಜಾಕ್ಸನ್ ಪಾತ್ರ ಕೊಡಿಸಿದರು. ಅಲ್ಲಿಂದ ಟಿವಿ, ರಂಗಭೂಮಿ, ರೇಡಿಯೊ. ನಿಧಾನವಾಗಿ ಹೆಸರು ಮರಳಿತು.

1980ರ ದಶಕದ ಆರಂಭದಲ್ಲಿ ಹವೆಲ್ ಬೆಗಲ್ ಎಂಬ ವಾಷಿಂಗ್ಟನ್ ವಕೀಲರು ಕಾರ್ಯಕ್ರಮವೊಂದರ ನಂತರ ಹಳೆಯ ಆಲ್ಬಮ್‌ಗಳಿಗೆ ಆಕೆಯ ಸಹಿ ಹಾಕಿಸಿಕೊಳ್ಳಲು ಬಂದರು. ಚಿಕ್ಕಂದಿನಿಂದ ಅಭಿಮಾನಿ. ಇವುಗಳಿಂದ ತನಗೆ ಬಿಡಿಗಾಸೂ ಬರುವುದಿಲ್ಲ ಎಂದು ರೂತ್ ಹೇಳಿದಾಗ ಬೆಗಲ್ ನಂಬಲಿಲ್ಲ. ಶುಲ್ಕ ಪಡೆಯದೆ ವಕಾಲತ್ತು ವಹಿಸಿ ಲೆಕ್ಕ ಕೇಳಿದರು. ಕಂಪನಿಯ ಉತ್ತರ: ರೂತ್ ಬ್ರೌನ್ ಅವರಿಂದಲೇ ನಮಗೆ ಸಾವಿರಾರು ಡಾಲರ್ ಬಾಕಿ ಇದೆ.

ನೇರ ದಾವೆ ಹೂಡುವುದು ಕಷ್ಟವಿತ್ತು. ನ್ಯೂಯಾರ್ಕ್ ಕಾನೂನಿನಲ್ಲಿ ಕರಾರು ಮುರಿದದ್ದಕ್ಕೆ ಆರು ವರ್ಷದೊಳಗೆ ದಾವೆ ಹೂಡಬೇಕು. ಇಲ್ಲಿ ಮೂವತ್ತು ವರ್ಷ ಕಳೆದಿತ್ತು. ಹಳೆಯ ಗಾಯಕರ ಬಳಿ ಕರಾರಿನ ಪ್ರತಿಯೂ ಇರುತ್ತಿರಲಿಲ್ಲ. ಬೆಗಲ್ ಇನ್ನೊಂದು ದಾರಿ ಹಿಡಿದರು. ಒಬ್ಬರ ವ್ಯಾಜ್ಯವನ್ನು ಹಲವರದಾಗಿಸಿದರು: ಬಿಗ್ ಜೋ ಟರ್ನರ್, ಕ್ಲೋವರ್ಸ್ ಹೀಗೆ ಆ ಕಾಲದ ಇತರ ಗಾಯಕರನ್ನೂ ಸೇರಿಸಿಕೊಂಡರು. ಪತ್ರಿಕೆ, ಟಿವಿಗೆ ವಿಷಯ ಮುಟ್ಟಿಸಿದರು. ರೂತ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಕರಿಯರ ಹಕ್ಕುಗಳ ಹೋರಾಟದ ನಾಯಕ ಜೆಸ್ಸಿ ಜಾಕ್ಸನ್ ಬೆಂಬಲಕ್ಕೆ ಬಂದರು. 1988ರ ಮೇ ತಿಂಗಳಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಟ್ಲಾಂಟಿಕ್‌ನ 40ನೇ ವರ್ಷದ ಅದ್ದೂರಿ ಸಂಗೀತೋತ್ಸವ ಗೊತ್ತಾಗಿತ್ತು. ಹಬ್ಬದ ಹೊಸ್ತಿಲಲ್ಲಿ ಕಂಪನಿಗೆ ಈ ಅಪಕೀರ್ತಿ ಬೇಡವಾಗಿತ್ತು. ಒಪ್ಪಂದ ಕುದುರಿತು.

ಒಪ್ಪಂದದ ತಿರುಳು ಇಷ್ಟು. ಮೂವತ್ತಕ್ಕೂ ಹೆಚ್ಚು ಹಳೆಯ ಕಲಾವಿದರ ಖಾತೆಯ ಬಾಕಿಯನ್ನು ಅಳಿಸಿಹಾಕುವುದು. ಹಿಂದಿನ ಸುಮಾರು ಎರಡು ದಶಕಗಳ ರಾಯಲ್ಟಿಯನ್ನು ಮರುಲೆಕ್ಕ ಹಾಕಿ ಕೊಡುವುದು. ಕಷ್ಟದಲ್ಲಿರುವ ಕಲಾವಿದರಿಗಾಗಿ ರಿದಮ್ ಆ್ಯಂಡ್ ಬ್ಲೂಸ್ ಫೌಂಡೇಶನ್ ಸ್ಥಾಪಿಸಲು 10 ಲಕ್ಷ ಡಾಲರಿಗೂ ಮಿಕ್ಕಿದ ದೇಣಿಗೆ. ರೂತ್ ಕೈಗೆ ಬಂದ ಮೊದಲ ಚೆಕ್ ಸುಮಾರು 20,000 ಡಾಲರಿನದು. ಆಕೆ ಗಳಿಸಿಕೊಟ್ಟದ್ದರ ಮುಂದೆ ಅದು ಅಲ್ಪ. ಆದರೆ ಬಾಕಿ ಅಳಿಸಿದ್ದು ಚೆಕ್ಕಿಗಿಂತ ದೊಡ್ಡ ಗೆಲುವು, ಏಕೆಂದರೆ ಸಿಡಿಗಳ ಕಾಲ ಆಗಷ್ಟೇ ಶುರುವಾಗಿತ್ತು. ಹಳೆಯ ಹಾಡುಗಳೆಲ್ಲ ಹೊಸ ತಟ್ಟೆಯಲ್ಲಿ ಮತ್ತೆ ಮಾರಾಟವಾಗತೊಡಗಿದ್ದವು. ಬಾಕಿ ಹಾಗೇ ಇದ್ದಿದ್ದರೆ ಆ ಹಣವೆಲ್ಲ ಮತ್ತೆ ಅದೇ ಗುಂಡಿಗೆ ಬೀಳುತ್ತಿತ್ತು. ಬೇರೆ ಕೆಲವು ಕಂಪನಿಗಳೂ ನಂತರ ಹಳೆಯ ಕಲಾವಿದರ ದರಗಳನ್ನು ಏರಿಸಿದವು. 1985ರಲ್ಲೇ ತೀರಿಕೊಂಡ ಜೋ ಟರ್ನರ್‌ಗೆ ಇದನ್ನು ನೋಡುವ ಭಾಗ್ಯವಿರಲಿಲ್ಲ. ಮೊಟೌನ್‌ನ (ಇನ್ನೊಂದು ರೆಕಾರ್ಡ್ ಕಂಪನಿ) ಗಾಯಕಿ ಮೇರಿ ವೆಲ್ಸ್‌ಗೆ 1990ರಲ್ಲಿ ಗಂಟಲಿನ ಕ್ಯಾನ್ಸರ್ ಬಂದಾಗ ನೆರವಿಗೆ ನಿಂತವರಲ್ಲಿ ಈ ಫೌಂಡೇಶನ್ ಕೂಡ ಇತ್ತು.

ರೂತ್‌ಗೆ ಆ ವರ್ಷಗಳು ಎರಡನೆಯ ಸುಗ್ಗಿ. 1988ರಲ್ಲಿ ಜಾನ್ ವಾಟರ್ಸ್‌ನ 'ಹೇರ್‌ಸ್ಪ್ರೇ' ಚಿತ್ರ. 1989ರಲ್ಲಿ 'ಬ್ಲ್ಯಾಕ್ ಆ್ಯಂಡ್ ಬ್ಲೂ' ಎಂಬ ಬ್ರಾಡ್ವೇ (ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬೀದಿ) ಪ್ರದರ್ಶನಕ್ಕೆ ರಂಗಭೂಮಿಯ ಟೋನಿ ಪ್ರಶಸ್ತಿ. ಅದರಲ್ಲಿ ಪೀಠೋಪಕರಣದ ಅಂಗಡಿಯವಳೊಬ್ಬಳು ಮಾರಾಟವಾಗದ ಕುರ್ಚಿಯ ಬಗ್ಗೆ ಹಾಡುವ ತುಂಟ ಹಾಡೊಂದಿದೆ. ಮಾತೆಲ್ಲ ಕುರ್ಚಿಯದು, ಅರ್ಥ ಬೇರೆಯದು. ಸಾಲು ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ದರೆ ಸಭೆ ತಾನಾಗಿಯೇ ನಗುತ್ತದೆ ಎಂಬುದು ಕ್ಲಬ್ಬುಗಳಲ್ಲಿ ದಶಕಗಳ ಕಾಲ ಹಾಡಿದವರಿಗೆ ಮಾತ್ರ ಗೊತ್ತಿರುವ ವಿದ್ಯೆ. ಮರುವರ್ಷ 'ಬ್ಲೂಸ್ ಆನ್ ಬ್ರಾಡ್ವೇ' ಆಲ್ಬಮ್ಮಿಗೆ ಗ್ರ್ಯಾಮಿ, 1993ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್. ದನಿ ಆಗ ತಗ್ಗಿತ್ತು, ಒರಟಾಗಿತ್ತು. ನನಗೆ ಆ ಮುಪ್ಪಿನ ದನಿಯ ನಿಧಾನದ ಹಾಡುಗಳೇ ಹೆಚ್ಚು ಇಷ್ಟ. ಇಪ್ಪತ್ತರ ಹರೆಯದಲ್ಲಿ ಹಾಡಬೇಕೆಂದು ಬಯಸಿದ್ದು ಕೊನೆಗೂ ಆಕೆಗೆ ದಕ್ಕಿದ್ದು ಅಲ್ಲಿ.

2006ರ ನವೆಂಬರ್ 17ರಂದು ನೆವಾಡಾದಲ್ಲಿ, 78ರ ವಯಸ್ಸಿನಲ್ಲಿ ರೂತ್ ತೀರಿಕೊಂಡರು. ಎರ್ತೆಗುನ್ ಸತ್ತದ್ದು ಡಿಸೆಂಬರ್ 14ರಂದು, ಒಂದು ತಿಂಗಳೂ ಕಳೆದಿರಲಿಲ್ಲ.

ಹೊಸಬರು ಮೊದಲು ಕೇಳಬೇಕಾದದ್ದು 1949ರಿಂದ 1954ರವರೆಗಿನ ಹಾಡುಗಳನ್ನು, ಬಿಡುಗಡೆಯಾದ ಕ್ರಮದಲ್ಲೇ. 'ಸೋ ಲಾಂಗ್‌'ನ ಮೃದುತನ 'ಟಿಯರ್‌ಡ್ರಾಪ್ಸ್‌'ನಲ್ಲಿ ಹೇಗೆ ಗಟ್ಟಿಯಾಯಿತು, 'ಮಾಮಾ'ದಲ್ಲಿ ಹೇಗೆ ಬಿರಿಯಿತು ಎಂಬುದು ಆಗ ಸ್ಪಷ್ಟವಾಗುತ್ತದೆ. ಒಂದು ಎಚ್ಚರಿಕೆ: ಹಲವು ಗಾಯಕರು ಮುಂದೆ ಬೇರೆ ಕಂಪನಿಗಳಿಗೆ ತಮ್ಮ ಹಳೆಯ ಹಾಡುಗಳನ್ನೇ ಮತ್ತೆ ಹಾಡಿದ್ದಾರೆ. ಅಗ್ಗದ ಸಂಕಲನಗಳಲ್ಲಿ ಅವು ಮೂಲದ ವೇಷದಲ್ಲಿ ಬರುತ್ತವೆ, ಹಾಗಾಗಿ ಧ್ವನಿಮುದ್ರಣದ ವರ್ಷ ನೋಡಿಕೊಳ್ಳಿ.

ಹಣದ ಕಥೆ ಇನ್ನೂ ನಡೆಯುತ್ತಿದೆ. 1972ರ ಫೆಬ್ರುವರಿ 15ಕ್ಕಿಂತ ಹಿಂದಿನ ಧ್ವನಿಮುದ್ರಣಗಳಿಗೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಹಕ್ಕುಸ್ವಾಮ್ಯವೇ ಇರಲಿಲ್ಲ, ರೂತ್ ಅವರ ದೊಡ್ಡ ಹಾಡುಗಳೆಲ್ಲ ಅದಕ್ಕೂ ಮೊದಲಿನವು. 2018ರ ಸಂಗೀತ ಕಾಯ್ದೆ ಬಂದ ಮೇಲಷ್ಟೇ ಇಂಟರ್ನೆಟ್ ಮತ್ತು ಉಪಗ್ರಹ ರೇಡಿಯೊಗಳು ಆ ಹಳೆಯ ಹಾಡುಗಳಿಗೂ ಹಣ ಕೊಡಬೇಕಾಯಿತು. ಅದರಲ್ಲಿ ಶೇ. 50 ಧ್ವನಿಮುದ್ರಣದ ಒಡೆಯರಿಗೆ, ಶೇ. 45 ಮುಖ್ಯ ಗಾಯಕರಿಗೆ ಅಥವಾ ಅವರ ವಾರಸುದಾರರಿಗೆ, ಶೇ. 5 ಹಿಮ್ಮೇಳದವರಿಗೆ. ಗಾಯಕರ ಪಾಲು ಕಂಪನಿಯ ಖಾತೆಗೆ ಹೋಗದೆ ನೇರವಾಗಿ ಅವರಿಗೇ ಸೇರುತ್ತದೆ, ಹಳೆಯ ಬಾಕಿಗೆ ಅದನ್ನು ಮುರಿದುಕೊಳ್ಳುವಂತಿಲ್ಲ. ಆದರೆ ಸಾಮಾನ್ಯ ಎಎಂ, ಎಫ್‌ಎಂ ರೇಡಿಯೊ ಕೇಂದ್ರಗಳು ರೂತ್ ಬ್ರೌನ್ ಹಾಡನ್ನು ಎಷ್ಟು ಸಲ ಆಡಿಸಿದರೂ ಹಾಡಿದವರಿಗೆ ಏನನ್ನೂ ಕೊಡಬೇಕಾಗಿಲ್ಲ. ಅಮೆರಿಕದಲ್ಲಿ ಆ ಕಾನೂನು ಇನ್ನೂ ಬದಲಾಗಿಲ್ಲ.